ಆಳುವ ಪಕ್ಷದ ಇಳಿಜಾರು: ಚುನಾವಣಾ ರಸಿಕರಿಗೊಂದು ಕೈಪಿಡಿ

ಚುನಾವಣೆಯನ್ನು ಮನಸ್ಸಿಟ್ಟು ನೋಡಲು ಈಗಷ್ಟೇ ಹೊರಟವರು ಮೊದಲು ಒಂದು ಲೆಕ್ಕವನ್ನು ಎದುರಿಗಿಟ್ಟುಕೊಳ್ಳಿ. ಕರ್ನಾಟಕದ 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಸಿಕ್ಕಿದ್ದು ಸುಮಾರು 1.33 ಕೋಟಿ ಮತ, 104 ಸ್ಥಾನ. 2023ರಲ್ಲಿ ಆಳುವ ಪಕ್ಷವಾಗಿ ಸೋತಾಗ ಸಿಕ್ಕಿದ್ದು ಸುಮಾರು 1.41 ಕೋಟಿ ಮತ, 66 ಸ್ಥಾನ. ಮತ ಹೆಚ್ಚಿತು, ಸರ್ಕಾರ ಬಿತ್ತು. ಶೇಕಡಾವಾರು ಪಾಲು ಎರಡು ಸಲವೂ 36ರ ಆಸುಪಾಸಿನಲ್ಲೇ ಇತ್ತು.

ಇದು ಅರ್ಥವಾದರೆ ಅರ್ಧ ಪಾಠ ಮುಗಿದಂತೆ. ಆ ಐದು ವರ್ಷಗಳಲ್ಲಿ ಕಾಂಗ್ರೆಸ್ಸಿನ ಪಾಲು ಶೇ 38ರಿಂದ ಶೇ 43ರ ಹತ್ತಿರಕ್ಕೆ ಏರಿತು, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ಸರ್ಕಾರ ಬೇಡವೆಂದವರು ಚದುರದೆ ಒಂದೇ ಕಡೆ ಸೇರಿದರು. ಬಿಜೆಪಿಗೆ ಹಳೇ ಮೈಸೂರಿನಲ್ಲಿ ಮತ ಹೆಚ್ಚಿತು, ಗೆಲ್ಲುವಷ್ಟು ಹೆಚ್ಚಲಿಲ್ಲ. ಕಿತ್ತೂರು ಕರ್ನಾಟಕದಲ್ಲಿ, ಅದು ಗೆದ್ದು ಕೂತಿದ್ದ ನೆಲದಲ್ಲೇ, ಕಾಲು ಜಾರಿತು. ಆಳುವ ಪಕ್ಷದ ಜನಬೆಂಬಲ ಕುಸಿದಿದೆ ಎಂದು ಯಾರಾದರೂ ಹೇಳಿದಾಗ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಎಲ್ಲಿ ಕುಸಿದಿದೆ, ಕಳಚಿಕೊಂಡವರು ಯಾರ ಬಳಿ ಹೋದರು ಎಂದು ಕೇಳಿ.

ಇದನ್ನು ಕಲಿಯಲು ಅಣಶಿಯಂಥ ಊರು ಬೆಂಗಳೂರಿಗಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಈ ಘಟ್ಟದ ಊರು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ಇದೆ, ಮತ ಹಾಕುವುದು ಹಳಿಯಾಳ ಕ್ಷೇತ್ರಕ್ಕೆ. ಸುತ್ತಲಿನ ಮಜರೆಗಳು ದೂರ ದೂರ, ಮನೆಗಳು ಬೆರಳೆಣಿಕೆಯಷ್ಟು. ಇಲ್ಲಿ ಗಾಳಿ ಯಾವ ಕಡೆ ಎಂದು ಟಿವಿ ನೋಡಿ ಹೇಳಲಾಗದು. ರಸ್ತೆ, ಬಸ್ಸು, ಮೊಬೈಲ್ ಸಿಗ್ನಲ್, ಕಾಡು ಬಿಟ್ಟು ಹೋಗುವವರಿಗೆ ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರ, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಇಲ್ಲಿನ ಕುಣಬಿ ಸಮುದಾಯದ ಬಹುಕಾಲದ ಬೇಡಿಕೆ: ಮಾತು ಸುತ್ತುವುದು ಇವುಗಳ ಸುತ್ತ. ಬೆಂಗಳೂರಿನಲ್ಲಿ ಸರ್ಕಾರಗಳು ಬದಲಾದರೂ ಈ ಪಟ್ಟಿ ಬದಲಾಗಲಿಲ್ಲ. ಹಾಗಾಗಿ ರಾಜ್ಯದ ಅಲೆ ಎಲ್ಲಿಗೆ ಬಂದು ನಿಲ್ಲುತ್ತದೆ, ಊರಿನ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದು ಇಲ್ಲಿ ಬಿಡಿಯಾಗಿ ಕಾಣುತ್ತದೆ.

ವಿರೋಧ ಪಕ್ಷದ ತಂತ್ರದಲ್ಲಿ ಮೊದಲು ಗಮನಿಸಬೇಕಾದ್ದು ಲಯ. 2023ರ ಕಾಂಗ್ರೆಸ್ ಇದಕ್ಕೆ ಒಳ್ಳೆಯ ಮಾದರಿ. ಗ್ಯಾರಂಟಿಗಳನ್ನು ಅದು ಪ್ರಣಾಳಿಕೆಯಲ್ಲಿ ಒಟ್ಟಿಗೆ ಸುರಿಯಲಿಲ್ಲ. ಜನವರಿಯಲ್ಲಿ 200 ಯೂನಿಟ್ ವಿದ್ಯುತ್ತು, ಕೆಲವೇ ದಿನಗಳಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಫೆಬ್ರುವರಿಯಲ್ಲಿ 10 ಕಿಲೋ ಅಕ್ಕಿ, ಮಾರ್ಚಿನಲ್ಲಿ ನಿರುದ್ಯೋಗಿ ಪದವೀಧರರಿಗೆ ಭತ್ಯೆ, ಏಪ್ರಿಲ್ ಕೊನೆಗೆ ಮಹಿಳೆಯರಿಗೆ ಉಚಿತ ಬಸ್ಸು. ಒಂದೊಂದನ್ನೂ ಜನ ಬಾಯಲ್ಲಿ ಆಡಿಸಿಕೊಳ್ಳುವಷ್ಟು ಬಿಡುವು ಕೊಟ್ಟು, ಮನೆಮನೆಗೆ ಗ್ಯಾರಂಟಿ ಕಾರ್ಡ್ ಹಂಚಿದರು. ಟಿಕೆಟ್ ವಿಷಯದಲ್ಲೂ ಅದೇ ಹದ. ವೇಳಾಪಟ್ಟಿ ಹೊರಬಿದ್ದದ್ದು ಮಾರ್ಚ್ 29ಕ್ಕೆ, ಅದಕ್ಕೂ ಮುಂಚೆ, 25ರಂದೇ, 124 ಹೆಸರುಗಳ ಪಟ್ಟಿ ಬಂದಿತ್ತು. ಬಿಜೆಪಿಯ ಮೊದಲ ಪಟ್ಟಿ ಏಪ್ರಿಲ್ 11ರಂದು ಬಂತು. ಆಮೇಲೆ ಟಿಕೆಟ್ ಕೈತಪ್ಪಿದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್, ಮಾಜಿ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿ ಪಕ್ಷ ಬಿಟ್ಟರು. ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು, ಸವದಿ ಅಥಣಿಯಲ್ಲಿ ಗೆದ್ದರು. ಬಂಡಾಯದ ಬೆಲೆಯನ್ನು ಬಂಡಾಯಗಾರ ಗೆದ್ದನೋ ಸೋತನೋ ಎಂಬುದರಿಂದ ಅಳೆಯುವುದು ತಪ್ಪು. ಪ್ರಚಾರದ ಅಷ್ಟು ದಿನಗಳನ್ನು ಆಳುವ ಪಕ್ಷ ತನ್ನವರ ಬಗ್ಗೆ ಸಮಜಾಯಿಷಿ ಕೊಡುವುದರಲ್ಲಿ ಕಳೆಯಿತಲ್ಲ, ನಷ್ಟವಾದದ್ದು ಅಲ್ಲಿ.

ಎರಡನೆಯದು ಜವಾಬು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅರ್ಥಧಾರಿಯ ಕಸುವು ತಿಳಿಯುವುದು ಪೀಠಿಕೆಯಲ್ಲಲ್ಲ, ಎದುರಿನ ಪಾತ್ರ ಎತ್ತಿದ ಪ್ರಶ್ನೆಗೆ ಅವನು ಕೊಡುವ ಉತ್ತರದಲ್ಲಿ. ಕಾಮಗಾರಿಗಳಲ್ಲಿ ಶೇ 40 ಕಮಿಷನ್ ಕೇಳುತ್ತಾರೆಂದು ಗುತ್ತಿಗೆದಾರರ ಸಂಘ 2021ರಲ್ಲೇ ಪ್ರಧಾನಿಗೆ ಪತ್ರ ಬರೆದಿತ್ತು. 2022ರ ಏಪ್ರಿಲ್‌ನಲ್ಲಿ ಒಬ್ಬ ಗುತ್ತಿಗೆದಾರರ ಸಾವಿನ ನಂತರ ಸಚಿವ ಕೆ.ಎಸ್. ಈಶ್ವರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಮುಖ್ಯಮಂತ್ರಿಯನ್ನು ಲೇವಡಿ ಮಾಡುವ 'ಪೇಸಿಎಂ' ಪೋಸ್ಟರ್ ಬಂತು. ದಾಖಲೆ ಕೊಡಿ ಎನ್ನುವುದರಿಂದ ಮುಂದಕ್ಕೆ ಸರ್ಕಾರದ ಉತ್ತರ ಹೋಗಲೇ ಇಲ್ಲ. ಮತದಾನಕ್ಕೆ ವಾರವಿದೆ ಎನ್ನುವಾಗ ಬಜರಂಗದಳದಂಥ ಸಂಘಟನೆಗಳ ನಿಷೇಧದ ಮಾತು ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಕಂಡಿತು. ಪ್ರಧಾನಿ ನರೇಂದ್ರ ಮೋದಿ ಮರುದಿನವೇ, ಮೇ 3ರಂದು, ನಮ್ಮ ಜಿಲ್ಲೆಯ ಅಂಕೋಲಾದಲ್ಲಿ ಬಜರಂಗಬಲಿಯ ಜಯಕಾರ ಹಾಕಿಸಿದರು. ಮೈದಾನ ತುಂಬಿತ್ತು, ಘೋಷಣೆ ಮುಗಿಲು ಮುಟ್ಟಿತ್ತು. ಅಂಕೋಲಾ ಸೇರಿರುವ ಕಾರವಾರ ಕ್ಷೇತ್ರ ಹತ್ತು ದಿನದಲ್ಲಿ ಬಿಜೆಪಿಯ ಕೈತಪ್ಪಿತು. ಗ್ಯಾಸ್ ಸಿಲಿಂಡರಿನ ಬೆಲೆಯ ಪ್ರಶ್ನೆ ಎತ್ತಿದವರಿಗೆ ಆ ಘೋಷಣೆ ಉತ್ತರವಾಗಿರಲಿಲ್ಲ. ಜಿಲ್ಲೆಯ ಆರು ಸ್ಥಾನಗಳಲ್ಲಿ 2018ರಲ್ಲಿ ಬಿಜೆಪಿಗೆ ನಾಲ್ಕು, ಕಾಂಗ್ರೆಸ್ಸಿಗೆ ಎರಡು; 2023ರಲ್ಲಿ ಅದೇ ಲೆಕ್ಕ ತಿರುವುಮುರುವು.

ಆದರೆ ಇಷ್ಟರಿಂದಲೇ ಅಲೆ ಎಂದು ಬರೆದುಬಿಡುವವರು ಮುಂಡಗೋಡಕ್ಕೆ ಒಮ್ಮೆ ಬರಬೇಕು. ಅದು ಯಲ್ಲಾಪುರ ಕ್ಷೇತ್ರ. 2018ರಲ್ಲಿ ಕಾಂಗ್ರೆಸ್ಸಿನ ಶಿವರಾಮ ಹೆಬ್ಬಾರ, ಬಿಜೆಪಿಯ ವಿ.ಎಸ್. ಪಾಟೀಲರನ್ನು 1,483 ಮತಗಳಿಂದ ಸೋಲಿಸಿದ್ದರು. 2023ರಲ್ಲಿ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡು ಎದುರಾದರು. ಸರ್ಕಾರದ ಮೇಲೆ ಇಡೀ ರಾಜ್ಯ ಮುನಿಸಿಕೊಂಡಿದ್ದಾಗಲೂ ಗೆದ್ದದ್ದು ಹೆಬ್ಬಾರರೇ, ಸುಮಾರು ನಾಲ್ಕು ಸಾವಿರ ಮತಗಳಿಂದ. ಕೆಲವು ಊರುಗಳಲ್ಲಿ ಮತ ಚಿಹ್ನೆಯ ಜೊತೆ ಇರುತ್ತದೆ, ಕೆಲವು ಊರುಗಳಲ್ಲಿ ಮನುಷ್ಯನ ಜೊತೆ ನಡೆದು ಹೋಗುತ್ತದೆ. ಯಾವುದು ಎಂಥ ಊರು ಎಂದು ತಿಳಿಯಲು ನಮೂನೆ 20 ಎಂಬ ಮತಗಟ್ಟೆವಾರು ಫಲಿತಾಂಶದ ಹಾಳೆ ಓದುವ ಅಭ್ಯಾಸ ಮಾಡಿಕೊಳ್ಳಿ. ಎರಡು ಚುನಾವಣೆಗಳ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಮತಗಟ್ಟೆಯ ಸಾಲಿನ ಮೇಲೆ ಬೆರಳಿಟ್ಟು ಓದಿ. ಮೂರು ದಿನದ ಟಿವಿ ಚರ್ಚೆ ಕೊಡದ ತಿಳಿವಳಿಕೆ ಅಲ್ಲಿ ಸಿಗುತ್ತದೆ.

ಇನ್ನೊಂದು ಎಚ್ಚರ ಬೇಕು. ಸಿದ್ದಾಪುರದ ರಾಮಕೃಷ್ಣ ಹೆಗಡೆಯವರ ಕಾಲದಿಂದಲೂ ಕರ್ನಾಟಕದ ಮತದಾರ ವಿಧಾನಸಭೆಗೂ ಲೋಕಸಭೆಗೂ ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿದ್ದಾನೆ. ನರಗುಂದ, ನವಲಗುಂದದಲ್ಲಿ ರೈತರ ಮೇಲಿನ ಗೋಲಿಬಾರ್, ಗೋಕಾಕ್ ಚಳವಳಿ ಇವೆಲ್ಲ ಕಾಂಗ್ರೆಸ್ಸಿನ ಗುಂಡೂರಾವ್ ಸರ್ಕಾರವನ್ನು ಸೊರಗಿಸಿದ್ದವು. ಬಂಗಾರಪ್ಪನವರ ಕ್ರಾಂತಿರಂಗವನ್ನು ಜೊತೆ ಮಾಡಿಕೊಂಡ ಜನತಾ ಪಕ್ಷ 1983ರಲ್ಲಿ 95 ಸ್ಥಾನ ಗೆದ್ದು, ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ಅಧಿಕಾರಕ್ಕೆ ಬಂತು, ಹೆಗಡೆ ಮುಖ್ಯಮಂತ್ರಿಯಾದರು. 1984ರ ಲೋಕಸಭೆಯಲ್ಲಿ ಕಾಂಗ್ರೆಸ್ 28ರಲ್ಲಿ 24 ಬಾಚಿಕೊಂಡಾಗ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು, ಕೆಲವೇ ತಿಂಗಳಲ್ಲಿ 139 ಸ್ಥಾನ ಗೆದ್ದು ಬಂದರು. ನಮ್ಮ ಕಣ್ಣೆದುರಿನ ಉದಾಹರಣೆಯೂ ಇದೆ. ವಿಧಾನಸಭಾಧ್ಯಕ್ಷರಾಗಿದ್ದ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ 2023ರಲ್ಲಿ ಶಿರಸಿಯಲ್ಲಿ ಸೋತರು, 2024ರಲ್ಲಿ ಲೋಕಸಭೆಗೆ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ವಿಧಾನಸಭೆಯ ಸೋಲನ್ನು ಪಕ್ಷದ ಅಂತ್ಯವೆಂದು ಓದಿದ ವಿಶ್ಲೇಷಕರು ಪ್ರತಿಸಲವೂ ಎಡವಿದ್ದಾರೆ.

ಕೊನೆಗೆ ಅಣಶಿಯದೇ ಕ್ಷೇತ್ರ. ಆರ್.ವಿ. ದೇಶಪಾಂಡೆ 1983ರಿಂದ ಹಳಿಯಾಳದಲ್ಲಿ ಸೋತದ್ದು ಒಮ್ಮೆ, 2008ರಲ್ಲಿ, ಸುನೀಲ ಹೆಗಡೆಯವರ ಎದುರು. 2023ರಲ್ಲಿ ಕಾಂಗ್ರೆಸ್ಸಿನಿಂದ ದೇಶಪಾಂಡೆ, ಬಿಜೆಪಿಯಿಂದ ಹೆಗಡೆ ಮತ್ತೆ ಮುಖಾಮುಖಿ. ದೇಶಪಾಂಡೆ 57,240 ಮತ ಪಡೆದು 3,623ರ ಅಂತರದಲ್ಲಿ ಗೆದ್ದರು. ಕಾಂಗ್ರೆಸ್ ರಾಜ್ಯದಲ್ಲಿ ಉಕ್ಕುತ್ತಿದ್ದಾಗ ಇಲ್ಲಿ ಅದರ ಮತ ಹಿಂದಿನ ಸಲಕ್ಕಿಂತ ನಾಲ್ಕು ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು, ಬಿಜೆಪಿಯ ಮತವೂ ಇಳಿಯಿತು. ಕಾರಣ ಮೂರನೆಯವರು: ಬಹುಕಾಲ ದೇಶಪಾಂಡೆಯವರ ಜೊತೆಗಿದ್ದು, ಜೆಡಿಎಸ್ ಸೇರಿ ನಿಂತ ಎಸ್.ಎಲ್. ಘೋಟ್ನೇಕರ. ಮರಾಠಾ ಸಮಾಜದಲ್ಲಿ ಹೆಸರಿದ್ದ ಅವರಿಗೆ 28,814 ಮತ ಬಂದವು. ಸರ್ಕಾರದ ವಿರುದ್ಧದ ಮತ ರಾಜ್ಯವಿಡೀ ಒಗ್ಗೂಡುತ್ತಿದ್ದಾಗ ಹಳಿಯಾಳದಲ್ಲಿ ಅದು ಸೀಳಿತ್ತು. ಆಮೇಲೆ, 2023ರ ಸೆಪ್ಟೆಂಬರ್‌ನಲ್ಲಿ, ಜೆಡಿಎಸ್ ಮತ್ತು ಬಿಜೆಪಿ ಕೈಜೋಡಿಸಿದವು. ಕಾಗದದ ಮೇಲೆ ಕೂಡಿಸಿದರೆ ಎರಡರದೂ ಸೇರಿ 82 ಸಾವಿರ ದಾಟುತ್ತದೆ. ಆದರೆ ಘೋಟ್ನೇಕರರ ಆ ಮತಗಳಲ್ಲಿ ಎಷ್ಟು ಸರ್ಕಾರದ ಮೇಲಿನ ಸಿಟ್ಟಿನವು, ಎಷ್ಟು ದೇಶಪಾಂಡೆಯವರ ಮೇಲಿನ ಮುನಿಸಿನವು, ಎಷ್ಟು ಸಮಾಜದ ಅಭಿಮಾನದವು? ಮುಂದಿನ ಸಲ ಹಳಿಯಾಳದ ಎಣಿಕೆ ನೋಡಲು ಕೂರುವವರು ಮೊದಲ ಸುತ್ತಿನ ಲೀಡ್ ಯಾರದು ಎಂಬುದನ್ನು ಬಿಟ್ಟು, ಆ 28,814ರ ಜಾಡು ಹಿಡಿಯಲಿ.