ಮಾಜಿ ಸೈನಿಕರಿಗಾಗಿ ನಡಿಗೆ: ಅದರ ಬೆಲೆ, ಅದರ ಮಿತಿ

ರಣರಂಗದಿಂದ ಮನೆಗೆ ಮರಳಿದ ಮೇಲೆಯೂ ಯುದ್ಧವನ್ನು ಮನಸ್ಸಿನಲ್ಲಿ ಹೊತ್ತಿರುವ ಸೈನಿಕರ ಚಿಕಿತ್ಸೆಗೆ ಹಣ ಕೂಡಿಸಬೇಕೆಂದು, ದಿನಂಪ್ರತಿ ಇಷ್ಟು ಮೈಲಿ ನಡೆಯುತ್ತೇನೆಂಬ ಸಂಕಲ್ಪವನ್ನು ಮಾಡಿ, ಬಂಧುಮಿತ್ರರಿಂದಲೂ ಅಪರಿಚಿತರಿಂದಲೂ ದೇಣಿಗೆಯನ್ನು ಬೇಡುವ ಪದ್ಧತಿಯೊಂದು ಬ್ರಿಟನ್, ಅಮೆರಿಕ ದೇಶಗಳಲ್ಲಿ ಈಗ ಆಳವಾಗಿ ಬೇರೂರಿದೆ. ಉದ್ದೇಶವು ಇಷ್ಟು ನಿರ್ಮಲವಾಗಿರುವಾಗ ವಿಮರ್ಶೆಗೆ ಅಲ್ಲೇನು ಕೆಲಸವೆಂದು ಕೇಳುವವರಿರಬಹುದು. ಆದರೆ ಈ ಕಾರ್ಯದ ಮತ್ತೊಂದು ತುದಿಯಲ್ಲಿ ನಿಂತಿರುವುದು ನೊಂದ ಮನುಷ್ಯನ ಪ್ರಾಣವಾದುದರಿಂದ, ಇದರಲ್ಲಿ ಸಾರವೆಷ್ಟು, ಲೋಪವೆಷ್ಟು ಎಂದು ತೂಗಿ ನೋಡುವುದು ಸಹಾನುಭೂತಿಯ ಒಂದು ಅಂಗವೇ ಆಗಿದೆಯೆಂದು ನಾನು ಭಾವಿಸುತ್ತೇನೆ.

ಈ ಪದ್ಧತಿಯ ಪೂರ್ವಕಥೆಯಲ್ಲಿ ಹಣದ ಮಾತೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಸೇವೆ ಸಲ್ಲಿಸಿ ಬಂದ ಅರ್ಲ್ ಶಾಫರ್ ಎಂಬಾತನು, ಐವೋ ಜಿಮಾದಲ್ಲಿ ಮಡಿದ ಗೆಳೆಯನ ಶೋಕವನ್ನು ಎಲ್ಲಿ ಇಳಿಸಿಕೊಳ್ಳಬೇಕೆಂದು ತಿಳಿಯದೆ, 1948ರ ವಸಂತದಲ್ಲಿ ಜಾರ್ಜಿಯಾದಿಂದ ಹೊರಟು, ಅಪಲಾಚಿಯನ್ ಪರ್ವತಮಾರ್ಗದ ಎರಡು ಸಾವಿರಕ್ಕೂ ಮಿಕ್ಕ ಮೈಲಿಗಳನ್ನು ಸುಮಾರು ನಾಲ್ಕು ತಿಂಗಳಲ್ಲಿ ಒಂಟಿಯಾಗಿ ಕ್ರಮಿಸಿದನು. ಮೈಗೆ ಹತ್ತಿಕೊಂಡ ಸೈನ್ಯವನ್ನು ನಡೆನಡೆದೇ ಕಳೆದುಕೊಳ್ಳಬೇಕೆಂಬುದು ಅವನ ಅಭಿಲಾಷೆ. ಮೂರು ಬಾರಿ ಯುದ್ಧಭೂಮಿಯನ್ನು ಕಂಡು ಬಂದ ಷಾನ್ ಗೋಬಿನ್ ಎಂಬ ಮರೀನ್ ಅಧಿಕಾರಿ 2012ರಲ್ಲಿ ಅದೇ ಮಾರ್ಗವನ್ನು ಹಿಡಿದಾಗ, ಗಾಯಗೊಂಡ ಯೋಧರಿಗಾಗಿ ಹಣ ಕೂಡಿಸುವ ಉದ್ದೇಶವನ್ನೂ ಅದಕ್ಕೆ ಜೋಡಿಸಿದನು. ಪರರ ಉಪಕಾರಕ್ಕೆಂದು ಹೊರಟವನಿಗೆ ಉಪಕಾರವು ತನಗೇ ಆಗುತ್ತಿರುವುದು ದಾರಿಯಲ್ಲಿ ತಿಳಿದುಬಂದಿತು. ಮರುವರ್ಷವೇ ಅವನು ಇತರ ಮಾಜಿ ಸೈನಿಕರನ್ನು ಇಂಥ ದೀರ್ಘ ಮಾರ್ಗಗಳಿಗೆ ಕಳುಹಿಸುವ ಸಂಸ್ಥೆಯೊಂದನ್ನು ಕಟ್ಟಿದನು.

ನಡಿಗೆಯಿಂದ ಆಗುವ ಈ ಉಪಕಾರದ ಸ್ವರೂಪವನ್ನು ತಿಳಿಯಬೇಕಾದರೆ ಬ್ರಿಟನ್ನಿನ ಕ್ರಿಸ್ ಲೂಯಿಸನ ಉದಾಹರಣೆಯನ್ನು ಸಮೀಪದಿಂದ ನೋಡತಕ್ಕದ್ದು. ಪ್ಯಾರಾಷೂಟ್ ದಳದಲ್ಲಿದ್ದು ಬಂದ ಈತನು ಖಿನ್ನತೆಯಿಂದಲೂ ನೆಲೆಯಿಲ್ಲದ ಬಾಳಿನಿಂದಲೂ ಕುಗ್ಗಿಹೋಗಿ, 2017ರ ಆಗಸ್ಟಿನಲ್ಲಿ ವೇಲ್ಸ್ ಪ್ರಾಂತದ ಗವರ್ ಕಡಲ ತೀರದಿಂದ, ಕಿಸೆಯಲ್ಲಿ ಹತ್ತು ಪೌಂಡು ಹಣವನ್ನೂ ಬೆನ್ನ ಮೇಲೆ ಒಂದು ಗುಡಾರವನ್ನೂ ಇಟ್ಟುಕೊಂಡು, ದ್ವೀಪರಾಷ್ಟ್ರದ ಇಡೀ ಕರಾವಳಿಯನ್ನು ಸುತ್ತಿಬರುತ್ತೇನೆಂದು ಹೊರಟನು; ಕಷ್ಟಕಾಲದಲ್ಲಿ ತನಗೆ ಆಸರೆಯಾಗಿದ್ದ, ಸೈನಿಕ ಕುಟುಂಬಗಳ ನೆರವಿನ ಸಂಸ್ಥೆಯಾದ ಸಾಫಾಕ್ಕೆ ಹಣ ಕೂಡಿಸಿ ಋಣ ತೀರಿಸುವುದು ಅವನ ಸಂಕಲ್ಪ. ದಾರಿಯಲ್ಲಿ ಜೆಟ್ ಎಂಬ ನಾಯಿ ಜೊತೆಗೂಡಿತು. 2020ರ ಲಾಕ್‌ಡೌನ್ ಅವನನ್ನು ಷೆಟ್‌ಲೆಂಡಿನ ನಿರ್ಜನವಾದ ಹಿಲ್ಡಸೇ ದ್ವೀಪದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿತು. ವಿದ್ಯುತ್ತೂ ನಲ್ಲಿಯೂ ಇಲ್ಲದ, ಅಲ್ಲಿ ಅವನು ತಂಗಿದ್ದ ಗುಡಿಸಲಿಗೆ ದೋಣಿಯವರು ಕುಡಿಯುವ ನೀರನ್ನು ತಂದುಕೊಟ್ಟರು. 2023ರ ಬೇಸಿಗೆಯಲ್ಲಿ ಹೊರಟ ಜಾಗಕ್ಕೇ ಅವನು ಮರಳಿದಾಗ ಸುಮಾರು 5 ಲಕ್ಷ ಪೌಂಡು ಕೂಡಿತ್ತು. ದಾರಿಯಲ್ಲಿಯೇ ದೊರೆತ ಸಂಗಾತಿಯೂ ಅವರ ಎಳೆಯ ಮಗುವೂ ಅವನ ಜೊತೆಗಿದ್ದರು.

ಇಲ್ಲಿ ಹಣವು ಮಾಡಿದ ಕೆಲಸ ಗಮನಾರ್ಹವಾದದ್ದು. ಖಿನ್ನತೆಯು ಮನುಷ್ಯನಿಂದ ಮೊದಲು ಕಸಿಯುವುದು ಅವನ ನಾಳೆಯನ್ನು. ಒದ್ದೆಯಾದ ಗುಡಾರವನ್ನು ಒಣಗಿಸಬೇಕು, ನೀರು ಹುಡುಕಬೇಕು, ಕತ್ತಲಾಗುವುದರೊಳಗೆ ತಂಗಲು ಜಾಗ ನೋಡಬೇಕು ಎಂಬ ಅಲ್ಪ ಕರ್ತವ್ಯಗಳು ಆ ನಾಳೆಯನ್ನು ಹಿಂದಕ್ಕೆ ತಂದುಕೊಟ್ಟರೆ, ದೇಣಿಗೆ ಕೊಟ್ಟವರ ನಿರೀಕ್ಷೆಯು ಅದನ್ನು ಕೈಜಾರದಂತೆ ಕಟ್ಟಿಹಾಕುತ್ತದೆ. ಶ್ರೀಶೈಲಕ್ಕೆ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಸಾಗುವ ನಮ್ಮ ಉತ್ತರ ಕರ್ನಾಟಕದ ಭಕ್ತನಿಗೆ ದಾರಿಯ ಊರುಗಳವರು ಅನ್ನನೀರು ಕೊಟ್ಟು ಹರಕೆಯಲ್ಲಿ ಪಾಲುಗಾರರಾಗುವಂತೆ, ಆ ಕರಾವಳಿಯ ಜನರೂ ಒಬ್ಬ ಯೋಧನ ಬದುಕಿನಲ್ಲಿ ಪಾಲುಗಾರರಾದರು. ಈ ಪಾಲುಗಾರಿಕೆಯೇ ಪದ್ಧತಿಯ ನಿಜವಾದ ಬೆಲೆಯೆಂಬುದು ನನ್ನ ಮತ.

ಹೀಗೆಂದ ಮಾತ್ರಕ್ಕೆ ನಡಿಗೆಯನ್ನು ಚಿಕಿತ್ಸೆಯೆಂದು ಭ್ರಮಿಸಲಾಗದು. ಇರಾಕಿನಲ್ಲಿ ಕಾದಾಡಿ ಬಂದ ಟಾಮ್ ವಾಸ್ ಮತ್ತು ಆಂಥನಿ ಆಂಡರ್ಸನ್ ಎಂಬ ಇಬ್ಬರು 2013ರಲ್ಲಿ ಮಿಲ್‌ವಾಕಿಯಿಂದ ಲಾಸ್ ಏಂಜಲೀಸಿನವರೆಗೆ 2,700 ಮೈಲಿಗಳನ್ನು ನಡೆದರು. 2016ರ 'ಆಲ್ಮೋಸ್ಟ್ ಸನ್‌ರೈಸ್' ಎಂಬ ಸಾಕ್ಷ್ಯಚಿತ್ರವು ಅವರ ಯಾತ್ರೆಯನ್ನು ಕುರಿತದ್ದು. ಯಾತ್ರೆಯ ಕೊನೆಯಲ್ಲಿ ಗೆಲುವಿನ ವಾದ್ಯವನ್ನು ಬಾರಿಸಿ ಮುಗಿಸದಿರುವುದು ಈ ಚಿತ್ರದ ಪ್ರಾಮಾಣಿಕತೆ. ಸಮುದ್ರವನ್ನು ಕಂಡ ಮೇಲೆಯೂ ವಾಸನ ವ್ಯಥೆ ಉಳಿದೇ ಇತ್ತು. ಏಕೆಂದರೆ ಅವನನ್ನು ಬಾಧಿಸುತ್ತಿದ್ದುದು ಭಯದ ನೆನಪಿಗಿಂತ ಹೆಚ್ಚಾಗಿ, ತನ್ನ ಧರ್ಮಬುದ್ಧಿಗೆ ತಾನೇ ಮಾಡಿದ ಗಾಯ. ಮುಂದೆ ಅವನಿಗೆ ನೆಮ್ಮದಿ ದೊರೆತದ್ದು ಉಸಿರಾಟ ಮತ್ತು ಧ್ಯಾನಗಳ ಶಿಬಿರವೊಂದರಲ್ಲಿ. ಆ ಅಭ್ಯಾಸದ ಮೂಲವು ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಸುದರ್ಶನ ಕ್ರಿಯೆ. ನಡಿಗೆಯು ಅವನನ್ನು ಚಿಕಿತ್ಸೆಯ ಬಾಗಿಲವರೆಗೆ ಕರೆತಂದಿತು. ಒಳಗಿನ ಕೆಲಸಕ್ಕೆ ಬೇರೆ ಗುರುಗಳು ಬೇಕಾದರು.

ಇನ್ನು ದೋಷಗಳು. ಅಮೆರಿಕದಲ್ಲಿ ಅನೇಕ ನಡಿಗೆಗಳು 22 ಎಂಬ ಅಂಕಿಯನ್ನು ಪತಾಕೆಯಂತೆ ಹಿಡಿದು ಸಾಗುತ್ತವೆ. ದಿನವೊಂದಕ್ಕೆ 22 ಮಂದಿ ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಳ್ಳುವರೆಂಬುದು ಅದರ ಅರ್ಥ. ಈ ಅಂಕಿಯು 2012ರ ಸರಕಾರಿ ವರದಿಯೊಂದರಿಂದ ಬಂದದ್ದು. ಅದು 21 ರಾಜ್ಯಗಳ ಮರಣದಾಖಲೆಗಳನ್ನು ಆಧರಿಸಿ ಮಾಡಿದ ಅಂದಾಜು; ಅನಂತರದ ಗಣನೆಗಳು ಅದಕ್ಕಿಂತ ಕಡಿಮೆಯನ್ನೇ ಹೇಳಿವೆ. ಅಂಕಿಯ ತಪ್ಪಿಗಿಂತ ದೊಡ್ಡದು ಅದು ಮರೆಮಾಡುವ ಸಂಗತಿ: ಹೀಗೆ ಸತ್ತವರಲ್ಲಿ ಹೆಚ್ಚಿನವರು ಐವತ್ತು ದಾಟಿದವರೆಂದು ಅದೇ ವರದಿ ಹೇಳುತ್ತಿರುವಾಗ, ಪ್ರಚಾರಚಿತ್ರಗಳಲ್ಲಿ ನಮಗೆ ಕಾಣಸಿಗುವವನು ಇರಾಕಿನಿಂದ ಬಂದ ತರುಣ ವೀರ; ಒಂಟಿ ಕೋಣೆಯಲ್ಲಿರುವ, ಹಳೆಯ ಯುದ್ಧದ ವೃದ್ಧ ಯೋಧನು ಲೆಕ್ಕಕ್ಕೆ ಸಿಕ್ಕಿಯೂ ಕಣ್ಣಿಗೆ ಬೀಳದೆ ಹೋಗುತ್ತಾನೆ. ಮೇಲಾಗಿ, ಆತ್ಮಹತ್ಯೆಯು ಸೈನಿಕನ ಸಹಜ ಗತಿಯೋ ಎಂಬಂತೆ ಒಂದೇ ಸಂಖ್ಯೆಯನ್ನು ದಿನವೂ ಸಾರುವುದು, ನಿದ್ರೆಯಿಲ್ಲದೆ ಹೊರಳುತ್ತಿರುವ ಒಬ್ಬನಿಗಾದರೂ ಕೆಟ್ಟ ಬೋಧೆಯಾಗಬಹುದು.

ಎರಡನೆಯ ದೋಷವು ಹಣಕ್ಕೆ ಸಂಬಂಧಿಸಿದ್ದು. ನಡಿಗೆಗೆ ಋತುವುಂಟು, ಉತ್ಸಾಹಕ್ಕೆ ಏರಿಳಿತವುಂಟು. ಮನೋವೈದ್ಯನ ಸಂಬಳವಾದರೋ ಪ್ರತಿ ತಿಂಗಳೂ ಕೊಡಬೇಕಾದದ್ದು. 1919ರಿಂದ ಬ್ರಿಟನ್ನಿನ ಮಾಜಿ ಸೈನಿಕರ ಮನೋರೋಗಗಳಿಗೆ ಚಿಕಿತ್ಸೆ ನೀಡುತ್ತ ಬಂದಿರುವ, ಮಾರ್ಚ್ ತಿಂಗಳ ನಡಿಗೆಗೆ ಜನರನ್ನು ಕರೆಯುವ ಕಾಂಬ್ಯಾಟ್ ಸ್ಟ್ರೆಸ್ ಸಂಸ್ಥೆಯೇ, 2020ರ ಜನವರಿಯಲ್ಲಿ ಹಣದ ಅಭಾವದಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಸೈನಿಕನನ್ನು ಯುದ್ಧಕ್ಕೆ ಕಳುಹಿಸಿದ್ದು ರಾಜ್ಯ. ಅವನ ಮನಸ್ಸಿಗಾದ ಗಾಯವನ್ನು ವಾಸಿಮಾಡುವುದು ಆ ರಾಜ್ಯದ ಸಾಲವಲ್ಲದೆ ಪ್ರಜೆಗಳ ಔದಾರ್ಯಕ್ಕೆ ಬಿಟ್ಟ ಪುಣ್ಯಕಾರ್ಯವಲ್ಲ. ನಡೆಯುವವರ ಬೆವರು ಆ ಸಾಲವನ್ನು ಮರೆಸುವ ಪರದೆಯಾದರೆ, ಸತ್ಕಾರ್ಯವೇ ಅನ್ಯಾಯಕ್ಕೆ ಆಸರೆಯಾದಂತಾಗುತ್ತದೆ.

ಆದುದರಿಂದ ಇಂಥ ನಡಿಗೆಯೊಂದಕ್ಕೆ ಬೆಲೆಕಟ್ಟುವಾಗ ಎಷ್ಟು ಮೈಲಿಯಾಯಿತು, ಎಷ್ಟು ಹಣ ಬಂದಿತು ಎಂಬ ಎರಡನ್ನೂ ಕೇಳಬೇಕು. ಆದರೆ ಅಷ್ಟಕ್ಕೆ ನಿಲ್ಲಬಾರದು. ನಡೆಯುವವನ ಪಕ್ಕದಲ್ಲಿ ನೊಂದ ಯೋಧನೊಬ್ಬನು ನಡೆದನೇ, ಅವನ ಮಾತಿಗೆ ದಾರಿಯಲ್ಲಿ ಕಿವಿ ದೊರೆಯಿತೇ, ಯಾತ್ರೆ ಮುಗಿದ ಮರುವಾರ ಅವನನ್ನು ವಿಚಾರಿಸುವವರು ಯಾರಾದರೂ ಇದ್ದಾರೆಯೇ, ಕೂಡಿದ ಹಣವು ಯಾವ ಚಿಕಿತ್ಸೆಗೆ ಸಂದಿತೆಂಬ ಲೆಕ್ಕ ಜನರೆದುರಿಗೆ ಬಂದಿತೇ ಎಂದು ಕೇಳುವುದು ಅವಶ್ಯ. ಈ ಪ್ರಶ್ನೆಗಳಿಗೆ ಹೌದೆನ್ನಬಲ್ಲ ನಡಿಗೆ, ನೂರು ಪೌಂಡನ್ನಷ್ಟೇ ತಂದರೂ, ಉತ್ತಮವಾದುದು. ಉತ್ತರಿಸಲಾರದ ನಡಿಗೆಯು ಲಕ್ಷಗಳನ್ನು ತಂದರೂ ತನ್ನ ಕೆಲಸದ ಅರ್ಧವನ್ನು ಬಿಟ್ಟುಬಂದದ್ದೇ ಸರಿ.