ಬಾಸ್ ಮೀನಿಗೆ ಯಾವ ದಾರ? ಕಾಣದಿರುವುದೇ ದೊಡ್ಡ ಗುಣವಲ್ಲ

ಲಾರ್ಜ್‌ಮೌತ್ ಬಾಸ್ ಹಿಡಿಯುವವರು ಲ್ಯೂರ್, ಅಂದರೆ ಕೃತಕ ಎರೆ, ಆರಿಸಲು ತಾಸುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬಣ್ಣ, ಬಾಲ, ಅಲುಗಾಟ ಎಲ್ಲವನ್ನೂ ಅಳೆದು ನೋಡುತ್ತಾರೆ. ದಾರದ ಸರದಿ ಬಂದಾಗ ಮಾತ್ರ ಪೊಟ್ಟಣದ ಮೇಲಿನ ಎರಡು ಮಾತನ್ನು ನಂಬಿ ದುಡ್ಡು ಕೊಟ್ಟುಬಿಡುತ್ತಾರೆ: ನೀರಿನಲ್ಲಿ ಕಾಣುವುದಿಲ್ಲ, ಇಷ್ಟು ಪೌಂಡ್ ತಡೆಯುತ್ತದೆ. ದಾರವನ್ನು ಹೀಗೆ ಆರಿಸುವ ರೂಢಿಯೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ದಾರ ತೇಲುತ್ತದೆಯೋ ಮುಳುಗುತ್ತದೆಯೋ, ಎಳೆದರೆ ಎಷ್ಟು ಹಿಗ್ಗುತ್ತದೆ, ಯಾವುದಕ್ಕೆ ಉಜ್ಜಿದರೆ ಸವೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಯಾವ ಲ್ಯೂರ್‌ಗೆ ಯಾವ ದಾರ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

1967ರಲ್ಲಿ ರೇ ಸ್ಕಾಟ್ ಎಂಬವರು ಅಮೆರಿಕದ ಅರ್ಕನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ಬಾಸ್ ಪಂದ್ಯ ನಡೆಸಿದ ಮೇಲೆ ಈ ಹವ್ಯಾಸ ದೊಡ್ಡ ಉದ್ಯಮವಾಗಿ ಬೆಳೆಯಿತು. ಇಂದು ಪಂದ್ಯಕ್ಕೆ ಇಳಿಯುವವರ ದೋಣಿಯಲ್ಲಿ ಹತ್ತಾರು ಗಾಳದ ಕೋಲುಗಳಿರುತ್ತವೆ. ಒಂದೊಂದಕ್ಕೂ ಬೇರೆ ಲ್ಯೂರ್, ಬೇರೆ ದಾರ. ದಡದಲ್ಲಿ ಒಂದೇ ಕೋಲು ಹಿಡಿದು ನಿಂತವನು ಅವರ ಕೈಯಲ್ಲಿದ್ದ ದುಬಾರಿ ದಾರವನ್ನು ಮಾತ್ರ ಕೊಂಡು, ಅದನ್ನೇ ಎಲ್ಲ ಲ್ಯೂರ್‌ಗಳಿಗೂ ಕಟ್ಟಿದರೆ ನಷ್ಟ ಅವನದೇ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ದಾರಗಳಿವೆ. ಡ್ಯುಪಾಂಟ್ ಕಂಪನಿ 1938ರಲ್ಲಿ ಜಗತ್ತಿಗೆ ಪರಿಚಯಿಸಿದ ನೈಲಾನಿನಿಂದ ಬಂದ ಮೊನೊಫಿಲಮೆಂಟ್ ಮೊದಲನೆಯದು. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಹೊರತಂದ ಫ್ಲೋರೋಕಾರ್ಬನ್ ಎರಡನೆಯದು. ಪಾಲಿಎಥಿಲೀನಿನ ಬಲವಾದ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಮೂರನೆಯದು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ನೈಲಾನಿನದು ಸುಮಾರು 1.14, ಫ್ಲೋರೋಕಾರ್ಬನ್‌ನದು ಸುಮಾರು 1.78, ಬ್ರೇಡಿನದು 0.97. ಬ್ರೇಡ್ ತೇಲುತ್ತದೆ, ನೈಲಾನ್ ನಿಧಾನವಾಗಿ ಇಳಿಯುತ್ತದೆ, ಫ್ಲೋರೋಕಾರ್ಬನ್ ಬೇಗ ಮುಳುಗುತ್ತದೆ. ಲ್ಯೂರ್‌ನ ಮಟ್ಟಿಗೆ ಪೊಟ್ಟಣದ ಎಲ್ಲ ಹೊಗಳಿಕೆಗಿಂತ ಈ ಮೂರು ಅಂಕಿಗಳ ತೂಕ ಹೆಚ್ಚು.

ನೀರಿನ ಮೇಲೆ ಆಡುವ ಪಾಪರ್‌ನಂಥ ಲ್ಯೂರ್‌ಗೆ ಫ್ಲೋರೋಕಾರ್ಬನ್ ಕಟ್ಟಿದರೆ ದಾರ ಮುಳುಗುತ್ತಾ ಅದರ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ನೀರು ಚಿಮ್ಮಿಸಬೇಕಾದ ಲ್ಯೂರ್ ಮುಗ್ಗರಿಸುತ್ತದೆ. ಇಲ್ಲಿ 15 ಪೌಂಡಿನ ನೈಲಾನೇ ಸರಿ. ಎಡಕ್ಕೂ ಬಲಕ್ಕೂ ತಿರುಗುತ್ತಾ ಸಾಗುವ ದೊಡ್ಡ ಲ್ಯೂರನ್ನು ದೂರ ಎಸೆಯಬೇಕಾದರೆ ಬ್ರೇಡ್ ಒಳ್ಳೆಯದು. ಆದರೆ ಬ್ರೇಡ್ ತೀರಾ ಮೆತ್ತಗಿದ್ದು ಮುಂದಿನ ಗಾಳಕ್ಕೆ ಸುತ್ತಿಕೊಳ್ಳುತ್ತದೆ. ತುದಿಗೆ ಒಂದೆರಡು ಅಡಿ ದಪ್ಪ ನೈಲಾನ್ ಸೇರಿಸಿದರೆ ಆ ತೊಂದರೆ ತಪ್ಪುತ್ತದೆ.

ಎಳೆದಾಗ ಅಲುಗುತ್ತಾ ನೀರೊಳಗೆ ಸಾಗುವ ಕ್ರ್ಯಾಂಕ್‌ಬೇಟ್ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅದರಲ್ಲಿರುವುದು ಮೂರು ಮೊನೆಯ ತೆಳು ಗಾಳಗಳು. ಅವು ಹಲವು ಸಲ ಬಾಸ್‌ನ ತುಟಿಯಂಚಿನ ತೆಳುಚರ್ಮಕ್ಕಷ್ಟೇ ಚುಚ್ಚಿಕೊಂಡಿರುತ್ತವೆ. ಮೀನು ನೀರಿನಿಂದ ಮೇಲೆ ಹಾರಿ ತಲೆ ಕೊಡವಿದಾಗ ಹಿಗ್ಗದ ಬ್ರೇಡ್ ಆ ಪೆಟ್ಟನ್ನೆಲ್ಲ ನೇರವಾಗಿ ಗಾಳಕ್ಕೆ ತಲುಪಿಸುತ್ತದೆ. ಚರ್ಮ ಹರಿಯುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ನೈಲಾನಿನ ಹಿಗ್ಗುವ ಗುಣ ಇಲ್ಲಿ ವರವಾಗುತ್ತದೆ. ಆಳಕ್ಕೆ ಹೋಗಬೇಕಾದ ಕ್ರ್ಯಾಂಕ್‌ಬೇಟ್‌ಗೆ ಮಾತ್ರ 10 ಅಥವಾ 12 ಪೌಂಡಿನ ಫ್ಲೋರೋಕಾರ್ಬನ್ ಮೇಲು. ತೆಳುವಾದ, ಮುಳುಗುವ ದಾರ ನೀರಿನ ತಡೆಯನ್ನು ಕಡಿಮೆ ಮಾಡಿ ಲ್ಯೂರನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಮೆತ್ತನೆ ಬಾಗುವ ಕೋಲು ಜೊತೆಗಿದ್ದರೆ ಗಾಳಕ್ಕೆ ಬೀಳುವ ಪೆಟ್ಟೂ ತಗ್ಗುತ್ತದೆ.

ಕಳೆ ತುಂಬಿದ ನೀರಿನಲ್ಲಿ ಬ್ರೇಡಿಗೆ ಎದುರಿಲ್ಲ. ಅಲಬಾಮಾದ ಗಂಟರ್ಸ್‌ವಿಲ್ ಸರೋವರದಂಥ ಕಡೆ ನೀರಿನ ಮೇಲೆ ಕಳೆ ಚಾಪೆ ಹಾಸಿದಂತೆ ಹಬ್ಬಿರುತ್ತದೆ. ಅದರ ಮೇಲೆ ಕಪ್ಪೆಯಾಕಾರದ ಲ್ಯೂರ್ ಎಳೆದಾಗ ಬಾಸ್ ಕೆಳಗಿನಿಂದ ನುಗ್ಗಿ ಕಚ್ಚಿ, ಮರುಕ್ಷಣವೇ ದಂಟುಗಳ ನಡುವೆ ಹೊಕ್ಕುಬಿಡುತ್ತದೆ. ಅಲ್ಲಿ ಬೇಕಾದದ್ದು 50ರಿಂದ 65 ಪೌಂಡಿನ ಬ್ರೇಡ್. ಅದು ದಂಟುಗಳನ್ನು ಕೊಯ್ದುಕೊಂಡು ಮೀನನ್ನು ಹೊರಗೆಳೆಯುತ್ತದೆ. ಲ್ಯೂರ್‌ನ ದಪ್ಪ ಗಾಳವೂ ಆ ಎಳೆತವನ್ನು ತಾಳುತ್ತದೆ. ಅದೇ ಬ್ರೇಡ್ ಚೂಪಾದ ಬಂಡೆಯಂಚಿಗೆ ಬಿಗಿಯಾಗಿ ಉಜ್ಜಿದರೆ ಬೇಗ ಹರಿಯುತ್ತದೆ. ಹೀಗಾಗಿ ಕಲ್ಲಿನ ತಳದಲ್ಲಿ ಜಿಗ್ (ಭಾರದ ತಲೆಯ ಗಾಳ) ಅಥವಾ ಪ್ಲಾಸ್ಟಿಕ್ ಹುಳ ಎಳೆಯುವವರಿಗೆ 15 ಪೌಂಡಿನ ಆಸುಪಾಸಿನ ಫ್ಲೋರೋಕಾರ್ಬನ್ ಹೊಂದುತ್ತದೆ. ಗಟ್ಟಿ ಮೈ, ಮುಳುಗುವ ಗುಣ, ತಳದ ಸಣ್ಣ ಸ್ಪರ್ಶವನ್ನೂ ಕೈಗೆ ಮುಟ್ಟಿಸುವ ಶಕ್ತಿ ಎಲ್ಲವೂ ಸಾರ್ಥಕವಾಗುವ ಜಾಗ ಅದು.

ಇನ್ನು ‘ಕಾಣುವುದಿಲ್ಲ’ ಎಂಬ ಮಾತು. ಬೆಳಕನ್ನು ಬಾಗಿಸುವ ಗುಣದಲ್ಲಿ ಫ್ಲೋರೋಕಾರ್ಬನ್ ನೀರಿಗೆ ಹತ್ತಿರ ಎಂಬುದು ನಿಜ. ನೀರಿನ ವಕ್ರೀಭವನಾಂಕ 1.33, ಫ್ಲೋರೋಕಾರ್ಬನ್‌ನದು ಸುಮಾರು 1.42, ನೈಲಾನಿನದು 1.5ಕ್ಕೂ ಹೆಚ್ಚು. ಆದರೆ ಹತ್ತಿರ ಎಂದರೆ ಒಂದೇ ಎಂದಲ್ಲ. ಕಳೆಯ ನಡುವೆ ದಪ್ಪ ಬ್ರೇಡ್ ಎದುರಿಗಿದ್ದರೂ ಬಾಸ್ ಹಿಂಜರಿಯದೆ ಕಚ್ಚುತ್ತದೆ. ತಿಳಿನೀರಿನಲ್ಲಿ, ಸಣ್ಣ ಲ್ಯೂರ್ ಅಲ್ಲಾಡದೆ ನಿಂತಿರುವಾಗ ಮಾತ್ರ ಈ ಗುಣಕ್ಕೆ ಬೆಲೆ. ಅದಕ್ಕೂ ರೀಲಿನ ತುಂಬ ಫ್ಲೋರೋಕಾರ್ಬನ್ ಬೇಕಿಲ್ಲ. ತೆಳು ಬ್ರೇಡಿನ ತುದಿಗೆ 6 ಅಥವಾ 8 ಪೌಂಡಿನ ಕೆಲವು ಅಡಿ ಸಾಕು. ಕೆಂಪು ದಾರ ನೀರಿನಲ್ಲಿ ಮಾಯವಾಗುತ್ತದೆ ಎಂಬ ಪ್ರಚಾರವಂತೂ ಇನ್ನೂ ದುರ್ಬಲ. ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಕರಗುತ್ತದೆ, ಒಪ್ಪೋಣ. ಆಗ ಕೆಂಪು ವಸ್ತು ಕಪ್ಪಾಗಿ ಕಾಣುತ್ತದೆಯೇ ಹೊರತು ಮಾಯವಾಗುವುದಿಲ್ಲ. ಜೊತೆಗೆ, ಬಾಸ್ ಕೆಂಪು ಬಣ್ಣವನ್ನು ಚೆನ್ನಾಗಿಯೇ ಗುರುತಿಸುತ್ತದೆ ಎಂದು ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ.

ಪೌಂಡಿನ ಅಂಕಿಯೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 50 ಪೌಂಡಿನ ಬ್ರೇಡ್ ದಪ್ಪದಲ್ಲಿ 12 ಪೌಂಡಿನ ನೈಲಾನಿಗೆ ಸಮ. ಎಸೆತದ ದೂರವನ್ನೂ ಲ್ಯೂರ್ ಇಳಿಯುವ ಆಳವನ್ನೂ ನಿರ್ಧರಿಸುವುದರಲ್ಲಿ ಈ ದಪ್ಪದ ಪಾಲು ದೊಡ್ಡದು. ಆದ್ದರಿಂದ ಪೊಟ್ಟಣದಲ್ಲಿ ಮೊದಲು ಓದಬೇಕಾದದ್ದು ವ್ಯಾಸ. ಗಂಟನ್ನು ಒದ್ದೆ ಮಾಡದೆ ಬಿಗಿದರೆ ಉಜ್ಜುವಿಕೆಯ ಬಿಸಿಗೆ ಫ್ಲೋರೋಕಾರ್ಬನ್ ಅಲ್ಲೇ ಸೊರಗುತ್ತದೆ. ಆಮೇಲೆ ಪೊಟ್ಟಣದ ಮೇಲೆ ಎಷ್ಟು ಪೌಂಡ್ ಎಂದು ಬರೆದಿದ್ದರೂ ಪ್ರಯೋಜನವಿಲ್ಲ.

ದಾರದ ಆಯ್ಕೆ ಹಿಡಿಯುವವನೊಬ್ಬನ ಲಾಭನಷ್ಟಕ್ಕೆ ಸಂಬಂಧಿಸಿದ್ದಲ್ಲ. ಹಿಡಿದ ಬಾಸನ್ನು ಜೀವಂತ ಬಿಡುವ ಪದ್ಧತಿ ಅಮೆರಿಕದಲ್ಲಿ ಆಳವಾಗಿ ಬೇರೂರಿದೆ. ಜಾಗಕ್ಕೆ ತಕ್ಕದ್ದಲ್ಲದ ದಾರ ಕಡಿದರೆ ಮೀನು ಬಾಯಲ್ಲಿ ಲ್ಯೂರ್ ಹೊತ್ತು ಹೋಗುತ್ತದೆ. ಕಡಿದುಳಿದ ದಾರ ಹಕ್ಕಿಗಳ ಕಾಲಿಗೆ, ಆಮೆಗಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಫ್ಲಾರಿಡಾದಲ್ಲಿ ದಡಗಳ ಬಳಿ ಮರುಬಳಕೆಗೆಂದು ಹಳೆಯ ದಾರ ಹಾಕಲು ಪಿವಿಸಿ ಕೊಳವೆಗಳನ್ನು ನಿಲ್ಲಿಸಿದ್ದಾರೆ. ಆ ಮರುಬಳಕೆಗೆ ನೈಲಾನ್ ಸಲ್ಲುತ್ತದೆ, ಬ್ರೇಡ್ ಸಲ್ಲುವುದಿಲ್ಲ. ಬ್ರೇಡ್ ಕೊಳ್ಳುವವರು ಇದನ್ನೂ ತಿಳಿದಿರಬೇಕು.

ಒಂದೇ ಕೋಲು ಇರುವವರು, ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ನೆಲೆಸಿ ಈಗಷ್ಟೇ ಪರವಾನಗಿ ಪಡೆದ ಕನ್ನಡಿಗರೂ ಸೇರಿ, 12 ಪೌಂಡಿನ ನೈಲಾನಿನಿಂದ ಶುರುಮಾಡಲಿ. ಅದು ನೀರು ಹೀರಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಸೊರಗುತ್ತದೆ. ಆದರೆ ಅಗ್ಗವಾದ್ದರಿಂದ ಋತುವಿಗೊಮ್ಮೆ ಬದಲಿಸುವುದು ಹೊರೆಯಲ್ಲ. ಹಿಗ್ಗುವುದರಿಂದ ಹೊಸಬರ ಕೈತಪ್ಪನ್ನೂ ಅದು ತಾಳಿಕೊಳ್ಳುತ್ತದೆ. ಎರಡನೆಯ ಕೋಲು ಬಂದಾಗ ಕಳೆಗೆಂದು ಬ್ರೇಡ್, ಮೂರನೆಯದಕ್ಕೆ ತಳದ ಕೆಲಸಕ್ಕೆಂದು ಫ್ಲೋರೋಕಾರ್ಬನ್. ಅತಿ ದುಬಾರಿ ದಾರವನ್ನು ಮೊದಲು ಕೊಳ್ಳುವ ಈಗಿನ ರೂಢಿಯನ್ನು ಹೀಗೆ ತಿರುಗಿಸಿದರೆ ಹಣವೂ ಉಳಿಯುತ್ತದೆ, ಬಾಯಲ್ಲಿ ಗಾಳ ಹೊತ್ತು ಹೋಗುವ ಮೀನುಗಳೂ ಕಡಿಮೆಯಾಗುತ್ತವೆ.