ಎಲ್ಲಾ ಒಬ್ಬಳೇ

ಆನಿ ಡಿಫ್ರಾಂಕೊ ಗಿಟಾರ್ ಕೇಳಿ: ತಂತಿ ಮೀಟಿದ ಹಾಗಲ್ಲ, ನಮ್ಮೂರಲ್ಲಿ ತಮಟೆ ಬಡಿದ ಹಾಗಿರುತ್ತೆ. ಅಮೆರಿಕದ ಬಫಲೊದ ಈಕೆ 1990ರಲ್ಲೇ 'ರೈಚಸ್ ಬೇಬ್' ಅಂತ ಸ್ವಂತ ಲೇಬಲ್ ಮಾಡ್ಕೊಂಡು, ದೊಡ್ಡ ಕಂಪನಿಗಳಿಗೆ ಸೊಪ್ಪು ಹಾಕಲಿಲ್ಲ. 1997ರ ಲೈವ್ ಆಲ್ಬಂ 'ಲಿವಿಂಗ್ ಇನ್ ಕ್ಲಿಪ್'ನಲ್ಲಿ ಬ್ಯಾಂಡು, ಜನ, ನಗು ಸೇರಿ ಜಾತ್ರೆಯೇ ಆಗಿದೆ. 2004ರ 'ಎಜುಕೇಟೆಡ್ ಗೆಸ್'ನಲ್ಲಿ ವಾದ್ಯ, ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲಾ ಒಬ್ಬಳೇ. ನನಗಂತೂ ಉಸಿರು ಕಟ್ಟುತ್ತೆ. ಅವಳ ದನಿಯ ಮೇಲೆ ಅವಳದೇ ದನಿ. "ಇದು ಬೇಡ ಕಣೇ" ಅನ್ನೋರಿಲ್ಲ. (ರಿವ್ಯೂ ಇಲ್ಲದೆ ರಾತ್ರೋರಾತ್ರಿ ಕೋಡ್ ಬಿಟ್ಟು ನಾನೂ ಅನುಭವಿಸಿದ್ದೀನಿ.) ಮರುವರ್ಷ 'ನಕಲ್ ಡೌನ್'ಗೆ ಜೋ ಹೆನ್ರಿಯನ್ನ ಸಹ-ನಿರ್ಮಾಪಕನಾಗಿ ಕರೆದಳು. ಲೇಬಲ್ ತನ್ನದೇ, ಕಿವಿ ಮಾತ್ರ ಇನ್ನೊಂದು ಜೋಡಿ. ಅಲ್ಲಿ ಸಾಲುಗಳ ಮಧ್ಯೆ ಗಾಳಿ ಆಡುತ್ತೆ. ನಾನು ಈಗಲೂ ಹಾಕ್ಕೊಳ್ಳೋದು ಅದನ್ನೇ.